ಮಳೆಗೆ ಮುಂಚಿನ ಹಿತ್ತಲು: ಮೇ ತಿಂಗಳಲ್ಲಿ ಏನೇನು ಮಾಡಿಕೊಳ್ಳಬೇಕು

ಮೇ ತಿಂಗಳು ಬಂತೆಂದರೆ ಕುಮಟಾ, ಅಂಕೋಲಾ, ಕಾರವಾರ ಕಡೆ ಹಿತ್ತಲಿಗೆ ಕಾಲಿಡಲು ಮನಸ್ಸೇ ಬರುವುದಿಲ್ಲ. ಬೆಳಗ್ಗೆ ಎಂಟಕ್ಕೇ ಬೆವರು. ಹರಿವೆ ಬಾಡಿರುತ್ತದೆ, ಬಾವಿಯ ತಳ ಕಾಣುತ್ತಿರುತ್ತದೆ, ಹಲಸಿನ ಹಪ್ಪಳ, ಮಾವಿನ ಮಿಡಿ ಎಂದು ಮನೆಯೊಳಗೇ ಕೈತುಂಬಾ ಕೆಲಸ. ಹಾಗಾಗಿ ಎಷ್ಟೋ ಜನ "ಮಳೆ ಬೀಳಲಿ, ಆಮೇಲೆ ನೋಡೋಣ" ಎಂದು ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಚೌತಿಗೆ ಮನೆಯದೇ ಬೆಂಡೆ, ಸೌತೆ ಬೇಕು, ನಾಗರಪಂಚಮಿಗೆ ಕಡುಬು ಸುತ್ತಲು ಮನೆಯದೇ ಅರಿಶಿಣ ಎಲೆ ಬೇಕು, ಶ್ರಾವಣದಲ್ಲಿ ದೇವರಿಗೆ ಡೇರೆ ಹೂ ಬೇಕು ಅಂದರೆ ಅದರ ಕೆಲಸ ಈಗಲೇ.

ನಾನು ಹುಟ್ಟಿದ್ದು ಶಿರಸಿ ಕಡೆ, ಮದುವೆಯಾಗಿ ಬಂದಿದ್ದು ಕುಮಟಾ ಹತ್ತಿರ. ನಡುವೆ ಇರುವುದು ದೇವಿಮನೆ ಘಟ್ಟ ಒಂದೇ. ಆದರೆ ಮಣ್ಣು, ನೀರು, ಗಾಳಿ ಎಲ್ಲಾ ಬೇರೆ. ಆಯಿಯ ಹಿತ್ತಲಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ, ಇಲ್ಲಿ ಅತ್ತೆ ಮಾಡುವುದು ಅಲ್ಲಿ ಬೇಕಾಗಿಲ್ಲ. ಎರಡೂ ಕಡೆ ಕೈ ಹಾಕಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಮೇ ತಿಂಗಳಲ್ಲಿ ನಮ್ಮ ತಲೆಯಲ್ಲಿ ಇರುವುದೆಲ್ಲ ಗಿಡಕ್ಕೆ ನೀರು ತರುವುದು ಹೇಗೆ ಅಂತ. ನಿಜವಾದ ಕೆಲಸ ಅದಲ್ಲ. ಇನ್ನು ಮೂರು ವಾರದಲ್ಲಿ ಬರುವ ನೀರು ಗಿಡದ ಬುಡದಿಂದ ಹೊರಗೆ ಹೋಗುವುದು ಹೇಗೆ ಅನ್ನುವುದೇ ದೊಡ್ಡ ಕೆಲಸ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮಳೆಗಾಲದಲ್ಲಿ ನಮ್ಮ ತರಕಾರಿ ಗಿಡ ಸಾಯುವುದು ಹೆಚ್ಚಾಗಿ ಬೇರು ಕೊಳೆತು.

ಮಳೆ ಯಾವಾಗ ಬರುತ್ತದೆ?

ಲೆಕ್ಕದ ಪ್ರಕಾರ ಕೇರಳಕ್ಕೆ ಜೂನ್ 1, ನಮಗೆ ಅದಾಗಿ ನಾಲ್ಕೈದು ದಿನ. ಹಿರಿಯರ ಲೆಕ್ಕದಲ್ಲಿ ಕೃತ್ತಿಕೆ ಮೇ 11ರ ಹೊತ್ತಿಗೆ, ರೋಹಿಣಿ ಮೇ 25ರ ಹೊತ್ತಿಗೆ, ಮೃಗಶಿರ ಜೂನ್ 8ರ ಹೊತ್ತಿಗೆ ಹುಟ್ಟುತ್ತದೆ. ಆದರೆ ಇದನ್ನೇ ನಂಬಿ ಕೂರುವ ಹಾಗಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ನಮ್ಮ ಕರಾವಳಿಗೂ ಅದರ ಬೆನ್ನಿಗೇ ಬಂತು. 2021ರ ಮೇ 15, 16ರಂದು ತೌಕ್ತೆ ಚಂಡಮಾರುತ ನಮ್ಮ ಕಡಲಂಚಿನಲ್ಲೇ ಹಾದುಹೋಯಿತು. ಆ ವರ್ಷ ನಾನು ಆಗಷ್ಟೇ ಎಬ್ಬಿಸಿದ್ದ ಹೀರೆ ಚಪ್ಪರ ಒಂದೇ ರಾತ್ರಿಗೆ ಮಲಗಿತು, ಕಂಬವನ್ನು ಒಂದು ಗೇಣಷ್ಟೇ ಹುಗಿದಿದ್ದೆ. ಹಾಗಾಗಿ ಮೇ 20ರ ಒಳಗೆ ಮಣ್ಣಿನ ಕೆಲಸ, ಚಪ್ಪರದ ಕೆಲಸ ಮುಗಿದಿರಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ.

ಮೊದಲು ಈಗಿರುವ ಗಿಡ ಉಳಿಸಿಕೊಳ್ಳಿ

ಬಸಳೆ, ಮಲ್ಲಿಗೆ, ದಾಸವಾಳ, ಕರಿಬೇವು, ಹಳೇ ಬದನೆ ಗಿಡ, ಇವಿಷ್ಟು ಹೆಚ್ಚಿನ ಮನೆಯಲ್ಲಿ ಈಗ ಇರುತ್ತವೆ. ಬುಡಕ್ಕೆ ದರಕು ಹೊದೆಸಿ. ಒಣಗಿದ ಎಲೆ ಯಾವುದಾದರೂ ಆದೀತು, ನಾಲ್ಕು ಬೆರಳು ದಪ್ಪ ಇರಲಿ, ಕಾಂಡಕ್ಕೆ ಮಾತ್ರ ತಾಗದ ಹಾಗೆ ಒಂದು ಗೇಣು ಬಿಡಿ. ತಾಗಿದರೆ ಒರಲೆ (ಗೆದ್ದಲು) ಹತ್ತುತ್ತದೆ. ನೀರನ್ನು ಸೂರ್ಯ ಮೇಲೇರುವ ಮುಂಚೆ ಹಾಕಿ. ದಿನಾ ಒಂದು ತಂಬಿಗೆ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ಬುಡ ತುಂಬಾ ಹಾಕುವುದು ಒಳ್ಳೆಯದು, ಬೇರು ಕೆಳಗಿಳಿಯುತ್ತದೆ. ಕುಂಡದ ಗಿಡಗಳಿಗೆ ಈ ಮಾತು ಅಲ್ಲ, ಅವಕ್ಕೆ ದಿನಾ ಬೇಕು.

ಬಸಳೆಗೆ ಬಚ್ಚಲ ನೀರು ಸಾಕು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಯಾವುದನ್ನೂ ಚೆಲ್ಲಬೇಡಿ. ನಮ್ಮ ಪಕ್ಕದ ಮನೆಯವರು ಮೀನು ತೊಳೆದ ನೀರನ್ನು ಬಸಳೆ ಬುಡಕ್ಕೇ ಹಾಕುತ್ತಾರೆ. ಅವರ ಬಸಳೆ ಎಲೆ ಅಂಗೈಗಿಂತ ದೊಡ್ಡದು.

ಕರಾವಳಿಯವರಿಗೆ ಇನ್ನೊಂದು ತೊಂದರೆ ಇದೆ, ಘಟ್ಟದ ಮೇಲಿನವರಿಗೆ ಇದು ಗೊತ್ತಾಗುವುದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆ ಕಡಲಿಗೆ ಸೇರುವ ಜಾಗದ ಸುತ್ತಮುತ್ತ ಬೇಸಿಗೆ ಕೊನೆಗೆ ಎಷ್ಟೋ ಬಾವಿಗಳ ನೀರು ಸವುಳಾಗುತ್ತದೆ. ಹೊಳೆಯಲ್ಲಿ ಸಿಹಿನೀರಿನ ಹರಿವು ಕಡಿಮೆಯಾದಾಗ ಉಪ್ಪುನೀರು ಮೇಲೇರಿ ಬರುತ್ತದೆ. ಎಲೆಯ ಅಂಚು ಸುಟ್ಟ ಹಾಗೆ ಕಂದಾಗಿದ್ದರೆ ಗೊಬ್ಬರ ಹಾಕಲು ಓಡಬೇಡಿ, ಮೊದಲು ನೀರನ್ನು ನಾಲಿಗೆಗೆ ಹಚ್ಚಿ ನೋಡಿ. ಸವುಳು ನೀರನ್ನು ತೆಂಗು ತಡೆದೀತು, ಎಳೆ ಸಸಿ ತಡೆಯುವುದಿಲ್ಲ. ಸಸಿ ಮಡಿಗೆ ಮಾತ್ರ ಎಲ್ಲಿಂದಾದರೂ ಒಂದು ಕೊಡ ಸಿಹಿನೀರು ಹೊಂದಿಸಿಕೊಳ್ಳಿ. ದೊಡ್ಡ ಮಳೆ ನಾಲ್ಕು ಬಿದ್ದರೆ ಮಣ್ಣಿನ ಉಪ್ಪು ತೊಳೆದುಹೋಗುತ್ತದೆ.

ಮಣ್ಣು

ಶಿರಸಿ, ಸಿದ್ದಾಪುರ ಕಡೆ ಕೆಂಪು ಜಂಬಿಟ್ಟಿಗೆ ಮಣ್ಣು, ಕರಾವಳಿಯ ದಿಬ್ಬದ ಮೇಲೂ ಅದೇ. ಕಡಲ ಹತ್ತಿರ ಬಂದ ಹಾಗೆ ಉಸುಕು. ಎರಡಕ್ಕೂ ಕೊಟ್ಟಿಗೆ ಗೊಬ್ಬರ ಬೇಕು, ಆದರೆ ಕಾರಣ ಬೇರೆ.

ಕೆಂಪು ಮಣ್ಣು ಹುಳಿ ಮಣ್ಣು. ವರ್ಷಾ ವರ್ಷ ಇಷ್ಟು ಮಳೆ ತೊಳೆದರೆ ಮಣ್ಣಿನ ಸುಣ್ಣದ ಅಂಶ ಉಳಿಯುವುದಿಲ್ಲ. ಮೇ ಮೊದಲ ವಾರದಲ್ಲಿ ಮಣ್ಣು ಅಗೆದು, ಒಂದು ಚದರ ಮೀಟರಿಗೆ ಒಂದೆರಡು ಹಿಡಿ ಚಿಪ್ಪಿನ ಸುಣ್ಣದ ಪುಡಿ ಬೆರೆಸಿ. ಒಂದು ಸಲ ನೀರು ಚಿಮುಕಿಸಿ ಹಾಗೇ ಬಿಡಿ. ಗೊಬ್ಬರವನ್ನು ಅದೇ ದಿನ ಹಾಕಬೇಡಿ, ಸುಣ್ಣ ಮತ್ತು ಹಟ್ಟಿಗೊಬ್ಬರ ಒಟ್ಟಿಗೆ ಸೇರಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಹದಿನೈದು ದಿನ ಬಿಟ್ಟು ಹಾಕಿ. ಮಣ್ಣು ಎಷ್ಟು ಹುಳಿ ಅಂತ ಸರಿಯಾಗಿ ತಿಳಿಯಬೇಕಿದ್ದರೆ ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮಣ್ಣು ಪರೀಕ್ಷೆ ಬಗ್ಗೆ ಅಲ್ಲಿ ವಿಚಾರಿಸಿ.

ಉಸುಕಿನಲ್ಲಿ ನೀರೂ ನಿಲ್ಲುವುದಿಲ್ಲ, ಗೊಬ್ಬರವೂ ನಿಲ್ಲುವುದಿಲ್ಲ. ಈಗ ಕೆರೆಗಳು ಒಣಗಿರುವುದರಿಂದ ಕೆರೆಯ ಹೂಳು ಸಿಕ್ಕರೆ ನಾಲ್ಕು ಬುಟ್ಟಿ ತಂದು ಬೆರೆಸಿ, ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಬಳ್ಳಿ ಗಿಡದ ಗುಂಡಿಯ ತಳಕ್ಕೆ ತೆಂಗಿನ ಸಿಪ್ಪೆಯನ್ನು ಬಟ್ಟಲಿನ ಹಾಗೆ ಮೇಲ್ಮುಖವಾಗಿ ಜೋಡಿಸಿ ಮಣ್ಣು ಮುಚ್ಚಿ. ಸಿಪ್ಪೆ ನೀರು ಹಿಡಿದಿಟ್ಟು ನಿಧಾನಕ್ಕೆ ಕೊಡುತ್ತದೆ. ಗೊಬ್ಬರವನ್ನೂ ಒಂದೇ ಸಲ ಸುರಿಯಬೇಡಿ. ಅರ್ಧ ಈಗ ಹಾಕಿ, ಉಳಿದದ್ದನ್ನು ಜುಲೈನಲ್ಲಿ ಮಳೆ ಸ್ವಲ್ಪ ಹೊಳವು ಕೊಟ್ಟಾಗ ಹಾಕಿ.

ಏರು ಮಡಿ ಮತ್ತು ನೀರಿನ ದಾರಿ

ಇದಕ್ಕೆ ಒಂದು ಇಡೀ ದಿನ ಕೊಡಿ, ಆಳು ಸಿಕ್ಕರೆ ಎರಡು ದಿನ ಕೊಡಿ. ಮಡಿಯ ಅಗಲ ಮೂರು ಅಡಿ ಸಾಕು, ಎರಡೂ ಬದಿಯಿಂದ ಕೈ ನಡುವಿನವರೆಗೆ ಮುಟ್ಟಬೇಕು, ಮಳೆಯಲ್ಲಿ ಮಡಿ ಮೇಲೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗಿಬಿಡುತ್ತದೆ. ಎತ್ತರ ಒಂದು ಅಡಿ. ಈಗ ಒಂದಡಿ ಅಂದರೆ ಆಗಸ್ಟ್ ಹೊತ್ತಿಗೆ ಕುಸಿದು ಅರ್ಧ ಅಡಿ ಉಳಿಯುತ್ತದೆ, ಅದಕ್ಕೇ ಜಿಪುಣತನ ಬೇಡ. ಮಡಿಯ ಮೇಲ್ಭಾಗ ಚಪ್ಪಟೆ ಬೇಡ, ನಡುವೆ ಸ್ವಲ್ಪ ಉಬ್ಬಿರಲಿ. ಅಂಚಿಗೆ ತೆಂಗಿನ ಸಿಪ್ಪೆಯನ್ನು ಬೋರಲು ಹಾಕಿ ಸಾಲಾಗಿ ಒತ್ತಿ, ಅಥವಾ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಅಡ್ಡ ಇಟ್ಟು ಗೂಟ ಹೊಡೆಯಿರಿ.

ಎರಡು ಮಡಿಯ ನಡುವೆ ಒಂದೂವರೆ ಅಡಿ ಅಗಲದ ಕಾಲುವೆ. ಕಾಲುವೆ ತೋಡಿದರೆ ಮುಗಿಯಿತು ಅಂದುಕೊಳ್ಳಬೇಡಿ, ಅದು ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದನ್ನು ನೋಡಿ. ನಾನು ಮಾಡುವುದು ಇಷ್ಟೇ: ಮೇಲ್ಗಡೆಯಿಂದ ಎರಡು ಕೊಡ ನೀರು ಒಟ್ಟಿಗೆ ಸುರಿದು ಹಿಂದೆ ಹಿಂದೆ ನಡೆಯುವುದು. ಎಲ್ಲಿ ನಿಂತಿತೋ ಅಲ್ಲಿ ಗುದ್ದಲಿ ಹಾಕುವುದು. ಮಾಡಿನ ನೀರು ಬೀಳುವ ಸಾಲಿನಲ್ಲಿ ಮಡಿ ಇದ್ದರೆ ಇವತ್ತೇ ಅದನ್ನು ಬೇರೆ ಕಡೆ ಮಾಡಿ. ಬಾವಿ ಕಟ್ಟೆ ಕಡೆಗೂ, ಪಕ್ಕದ ಮನೆಯ ಅಂಗಳಕ್ಕೂ ಹೋಗದ ಹಾಗೆ ನೋಡಿಕೊಳ್ಳಿ, ಆಮೇಲೆ ಜಗಳ ಬೇಡ ಅಲ್ವಾ.

ಚಪ್ಪರವನ್ನೂ ಈಗಲೇ ಕಟ್ಟಿ. ಬೀಜ ಮೊಳೆತ ಮೇಲೆ ಕಂಬ ಹುಗಿದರೆ ಬೇರು ಕಡಿಯುತ್ತದೆ. ಕಂಬ ಎರಡು ಅಡಿ ಒಳಗಿರಲಿ, ಎತ್ತರ ನಮ್ಮ ತಲೆಗಿಂತ ಸ್ವಲ್ಪ ಮೇಲೆ. ಅಡಿಕೆ ದಬ್ಬೆ ಒಂದು ಮಳೆಗಾಲ ಬಾಳಿಕೆ ಬರುತ್ತದೆ, ಬಿದಿರು ಎರಡು. ಪಶ್ಚಿಮದ ಗಾಳಿ ಜೋರು, ಆದ್ದರಿಂದ ಆ ಕಡೆಯ ಕಂಬಗಳಿಗೆ ಓರೆಯಾಗಿ ಇನ್ನೊಂದು ಊರೆಗೋಲು ಕೊಡಿ.

ಬೀಜ, ಸಸಿ

ಬದನೆ, ಮೆಣಸು ಮೊದಲು. ಇವು ಸಸಿ ಮಾಡಿ ನೆಡುವ ಗಿಡಗಳು, ಸಸಿ ಆಗಲು ಒಂದು ತಿಂಗಳು ಬೇಕು. ಮೇ ಮೊದಲ ವಾರ ಹಾಕಿದರೆ ಜೂನ್ ಮೊದಲ ಮಳೆಗೆ ನೆಡಲು ಸರಿಹೋಗುತ್ತದೆ. ಅಡಿಕೆ ಹಾಳೆಯ ಎರಡೂ ತುದಿ ಮಡಚಿ ಕಟ್ಟಿ, ತಳಕ್ಕೆ ನಾಲ್ಕು ತೂತು ಮಾಡಿ, ಮಣ್ಣು, ಉಸುಕು, ಪುಡಿಗೊಬ್ಬರ ಸಮಸಮ ಬೆರೆಸಿ ತುಂಬಿ. ಜಗಲಿಯ ಅಂಚಿನಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ಇಡಿ. ಇರುವೆ ಬೀಜ ಹೊತ್ತುಕೊಂಡು ಹೋಗದಂತೆ ಸುತ್ತ ಒಂದು ಗೆರೆ ಬೂದಿ ಹಾಕಿ. ನೆಡುವಾಗ ಕಳೆದ ವರ್ಷ ಬದನೆ, ಮೆಣಸು, ಟೊಮೇಟೊ ಇದ್ದ ಮಡಿಯಲ್ಲೇ ಮತ್ತೆ ನೆಡಬೇಡಿ. ನಮ್ಮ ಹುಳಿ ಮಣ್ಣಿನಲ್ಲಿ ಸೊರಗು ರೋಗ ಜಾಸ್ತಿ, ಅದು ಮಣ್ಣಿನಲ್ಲೇ ಉಳಿದಿರುತ್ತದೆ. ಹಸಿರಾಗಿದ್ದ ಗಿಡ ಎರಡೇ ದಿನದಲ್ಲಿ ಜೋತುಬಿದ್ದರೆ ಅದೇ. ಔಷಧಿ ಹುಡುಕಬೇಡಿ, ಕಿತ್ತು ದೂರ ಹಾಕಿ.

ಟೊಮೇಟೊ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮಳೆಗಾಲಕ್ಕೆ ಕರಾವಳಿಯಲ್ಲಿ ಬೇಡ. ಅದೇ ಜಾಗಕ್ಕೆ ಅಲಸಂದೆ ಹಾಕಿ.

ಬೆಂಡೆ, ಸೌತೆ, ಹೀರೆ, ಪಡವಲ, ಹಾಗಲ ಇವನ್ನೆಲ್ಲ ನೇರವಾಗಿ ಮಡಿಗೇ ಹಾಕುವುದು, ಮೇ 20ರಿಂದ 25ರ ನಡುವೆ. ಜಡಿಮಳೆ ಹಿಡಿಯುವ ಹೊತ್ತಿಗೆ ಗಿಡಕ್ಕೆ ಐದಾರು ಎಲೆಯಾದರೂ ಬಂದಿರಬೇಕು, ಇಲ್ಲದಿದ್ದರೆ ಮಳೆಹನಿ ಹೊಡೆತಕ್ಕೇ ಮಲಗುತ್ತದೆ. ಬೆಂಡೆ ಬೀಜ ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ತೇಲಿದ್ದನ್ನು ಎಸೆದು ಉಳಿದದ್ದನ್ನು ಹಾಕಿ. ಗಿಡದಿಂದ ಗಿಡಕ್ಕೆ ಎರಡು ಅಡಿ. ಹತ್ತಿರ ಹಾಕಿದರೆ ಗಾಳಿ ಆಡುವುದಿಲ್ಲ, ಮಳೆಗಾಲದಲ್ಲಿ ಗಾಳಿ ಆಡುವುದು ಬಿಸಿಲಿನಷ್ಟೇ ಮುಖ್ಯ. ಬಳ್ಳಿ ತರಕಾರಿಗೆ ಗುಂಡಿ ತೆಗೆದು, ಗೊಬ್ಬರ ಮಣ್ಣು ತುಂಬಿ, ಅದರ ಮೇಲೆ ಇನ್ನೂ ಒಂದು ಗೇಣು ಗುಪ್ಪೆ ಮಾಡಿ ನಾಲ್ಕು ಬೀಜ ಹಾಕಿ, ಕೊನೆಗೆ ಗಟ್ಟಿಯಾದ ಎರಡು ಸಸಿ ಉಳಿಸಿಕೊಳ್ಳಿ. ಮೇಲೆ ಅಡಿಕೆ ಸೋಗೆ ಅಥವಾ ತೆಂಗಿನ ಮಡಲು ತೆಳುವಾಗಿ ಹೊದೆಸಿದರೆ ಬಿಸಿಲಿಗೂ ಆಯ್ತು, ಮೊದಲ ಮಳೆ ಹೊಡೆತಕ್ಕೂ ಆಯ್ತು. ಮೊಳಕೆ ಕಂಡ ಕೂಡಲೇ ತೆಗೆಯಿರಿ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ಇರುವ ಬೀಜವನ್ನೆಲ್ಲ ಒಂದೇ ದಿನ ಹಾಕಿಬಿಡುವುದು. ಮೇ ಕೊನೆಗೆ ಹಾಕಿದ ಬೆಂಡೆ ಜುಲೈ ಮಧ್ಯದಿಂದ ಕೊಡಲು ಶುರುಮಾಡುತ್ತದೆ, ಚೌತಿ ಹೊತ್ತಿಗೆ ಗಿಡ ಮುದಿಯಾಗಿರುತ್ತದೆ. ಅರ್ಧ ಬೀಜ ಉಳಿಸಿಕೊಳ್ಳಿ. ಆ ವರ್ಷದ ಚೌತಿ ಯಾವ ತಾರೀಖು ನೋಡಿ ಅರವತ್ತು ದಿನ ಹಿಂದಕ್ಕೆ ಎಣಿಸಿ, ಆ ವಾರ ಎರಡನೇ ಕಂತು ಹಾಕಿ. ಸೌತೆಗೂ ಇದೇ ಲೆಕ್ಕ. ಹರಿವೆಗೆ ಇಷ್ಟೆಲ್ಲ ಬೇಡ, ಒಂದು ತಿಂಗಳಲ್ಲಿ ಕೊಯ್ಯಬಹುದು, ಹದಿನೈದು ದಿನಕ್ಕೊಮ್ಮೆ ಒಂದು ಚಿಟಿಕೆ ಬೀಜವನ್ನು ಉಸುಕಿನ ಜೊತೆ ಬೆರೆಸಿ ಚೆಲ್ಲುತ್ತಾ ಹೋಗಿ.

ಬೀಜ ಪೇಟೆಯಿಂದಲೇ ತರಬೇಕಿಲ್ಲ. ನಮ್ಮ ಕಡೆ ಸೌತೆ ಬೀಜವನ್ನು ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿ ಇಡುವ, ಬೆಂಡೆ ಬೀಜವನ್ನು ಬೂದಿಯಲ್ಲಿ ಇಡುವ ಅಜ್ಜಿಯರು ಇನ್ನೂ ಇದ್ದಾರೆ, ಕೇಳಿದರೆ ಇಲ್ಲ ಅನ್ನುವುದಿಲ್ಲ. ಶಿರಸಿಯಲ್ಲಿ ವನಸ್ತ್ರೀ ಬಳಗದವರು ಮಲೆನಾಡು ಮೇಳ ಮಾಡುತ್ತಾರೆ, ಹಳ್ಳಿ ಹೆಂಗಸರು ತಮ್ಮ ಹಿತ್ತಲ ಬೀಜ, ಗೆಡ್ಡೆ ಎಲ್ಲ ತರುತ್ತಾರೆ. ನಮ್ಮ ಮಳೆ ತಡೆದು ಬಂದ ಬೀಜ ಅದು. ಬೇರೆ ಊರಿನ ಹೈಬ್ರಿಡ್ ಬೀಜ ಮೊದಲ ಕೊಯ್ಲು ಚೆನ್ನಾಗಿ ಕೊಟ್ಟು ಜುಲೈ ಮಳೆಗೆ ಸೋತದ್ದನ್ನು ನಾನು ಎರಡು ವರ್ಷ ನೋಡಿದ್ದೇನೆ.

ಅರಿಶಿಣ, ಶುಂಠಿ, ಕೆಸು, ಸುವರ್ಣಗಡ್ಡೆ: ಗುಡುಗಿನ ಮಳೆ ಒಂದು ಚೆನ್ನಾಗಿ ಬಿದ್ದ ಮಾರನೇ ದಿನ ನೆಡಿ. ಎರಡು ಕಣ್ಣಿರುವ ತುಂಡು, ಎರಡು ಇಂಚು ಆಳ, ಮೇಲೆ ದಪ್ಪಗೆ ಸೊಪ್ಪು. ಸುವರ್ಣಗಡ್ಡೆಗೆ ಮಾತ್ರ ದೊಡ್ಡ ಗುಂಡಿ. ಘಟ್ಟದ ಮೇಲೆ ಮುಳ್ಳುಹಂದಿ, ಕಾಡುಹಂದಿ ಗೆಡ್ಡೆ ಬಿಡುವುದಿಲ್ಲ, ಮನೆಗೆ ಹತ್ತಿರದ ಜಾಗ ಆರಿಸಿ.

ಹೂವಿನ ಗಿಡ

ನನಗೆ ಎಲ್ಲಕ್ಕಿಂತ ಇಷ್ಟದ್ದು ಡೇರೆ. ಪೇಟೆಯವರು ಡಾಲಿಯಾ ಅನ್ನುವುದು ಇದಕ್ಕೇ. ಶಿರಸಿ ಕಡೆ ಮಳೆಗಾಲದಲ್ಲಿ ಅಂಗಳಕ್ಕೆ ಕಳೆ ಬರುವುದೇ ಡೇರೆಯಿಂದ. ಒಬ್ಬರ ಮನೆಗೆ ಹೋದರೆ ಮೊದಲು "ಇದು ಯಾವ ಬಣ್ಣ, ನನಗೊಂದು ಗೆಡ್ಡೆ ಕೊಡ್ತೀರಾ" ಎಂದು ಕೇಳುವುದು ವಾಡಿಕೆ.

ಗೆಡ್ಡೆ ತೆಗೆದಿಟ್ಟಿದ್ದರೆ ಮೇ ಮೊದಲ ವಾರದಲ್ಲೇ ತೆಗೆದು ನೋಡಿ. ಮೆತ್ತಗಾಗಿದ್ದನ್ನು, ಬೂಸ್ಟು ಹಿಡಿದದ್ದನ್ನು ಬೇರೆ ಮಾಡಿ. ಗೊಂಚಲನ್ನು ಬಿಡಿಸುವಾಗ ಗಮನ ಇರಲಿ. ಡೇರೆಯ ಕಣ್ಣು ಗೆಡ್ಡೆಯಲ್ಲಿ ಇರುವುದಿಲ್ಲ, ಗೆಡ್ಡೆ ಹಳೇ ಕಾಂಡಕ್ಕೆ ಸೇರುವ ಕುತ್ತಿಗೆಯಲ್ಲಿ ಇರುತ್ತದೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯುವುದಿಲ್ಲ. ಹಾಗಾಗಿ ಕಣ್ಣು ಉಬ್ಬುವ ತನಕ ಕಾದು, ಪ್ರತಿ ತುಂಡಿಗೆ ಒಂದು ಕಣ್ಣು ಬರುವ ಹಾಗೆ ಚೂಪಾದ ಕತ್ತಿಯಲ್ಲಿ ಕತ್ತರಿಸಿ, ಗಾಯಕ್ಕೆ ಬೂದಿ ಮೆತ್ತಿ, ಒಂದು ದಿನ ನೆರಳಿನಲ್ಲಿ ಒಣಗಲು ಬಿಡಿ. ನಾಲ್ಕು ಇಂಚು ಆಳದಲ್ಲಿ ಅಡ್ಡ ಮಲಗಿಸಿ ನೆಡಿ, ಆಸರೆಯ ಕೋಲನ್ನು ಅದೇ ದಿನ ಹುಗಿಯಿರಿ, ಆಮೇಲೆ ಹುಗಿದರೆ ಗೆಡ್ಡೆಗೇ ಚುಚ್ಚುತ್ತದೆ.

ನೀರು ಹಾಕುವ ಬಗ್ಗೆ ಆಯಿ ಹೇಳುತ್ತಿದ್ದದ್ದು ಒಂದೇ, "ನೀರು ಹಾಕಡ ತಂಗಿ," ಅಂದರೆ ಹಾಕಬೇಡ ಅಂತ. ಕುಮಟಾಕ್ಕೆ ಬಂದ ಮೊದಲ ವರ್ಷ, ಇಲ್ಲಿ ಬಿಸಿಲು ಜಾಸ್ತಿ ಅಲ್ವಾ ಎಂದು ನಾನು ದಿನಾ ಹಾಕಿದೆ. ಹನ್ನೊಂದು ಗೆಡ್ಡೆಯಲ್ಲಿ ಒಂಬತ್ತು ಕೊಳೆತುಹೋಯಿತು. ಚಿಗುರು ಮಣ್ಣಿನ ಮೇಲೆ ಕಾಣುವ ತನಕ ಮಣ್ಣು ಸ್ವಲ್ಪ ತೇವ ಇದ್ದರೆ ಸಾಕು. ಈಗ ನಾನು ಇಲ್ಲಿ ಡೇರೆಯನ್ನು ಮಣ್ಣಿಗೆ ನೆಡುವುದೇ ಇಲ್ಲ. ಹಳೇ ಸಿಮೆಂಟ್ ಚೀಲದಲ್ಲಿ ಅರ್ಧ ಉಸುಕು, ಅರ್ಧ ಗೊಬ್ಬರ ಮಣ್ಣು ತುಂಬಿ, ಮಾಡಿನ ಹನಿ ಬೀಳದ ಹಾಗೆ ಗೋಡೆ ಬದಿಗೆ ಪೂರ್ವದ ಬಿಸಿಲಿಗೆ ಇಡುತ್ತೇನೆ. ಘಟ್ಟದ ಮೇಲಿನಷ್ಟು ದೊಡ್ಡ ಹೂ ಆಗುವುದಿಲ್ಲ, ಆದರೆ ಆಗುತ್ತದೆ. ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿ, ಕವಲು ಒಡೆಯುತ್ತದೆ.

ದುಂಡುಮಲ್ಲಿಗೆ ಈಗ ಹೂ ಬಿಡುವ ಕಾಲ. ಕತ್ತರಿಸಲು ಹೋಗಬೇಡಿ, ಬುಡ ಸವರಿ ಒಂದು ಬುಟ್ಟಿ ಗೊಬ್ಬರ ಕೊಡಿ. ದಾಸವಾಳದ ಚಿಗುರಿಗೆ ಬಿಳಿ ಹಿಟ್ಟಿನ ಹುಳ ಹತ್ತುವುದು ಈ ಒಣ ದಿನಗಳಲ್ಲೇ. ಪೈಪಿನಲ್ಲಿ ಜೋರು ನೀರು ಬಿಟ್ಟು ತೊಳೆದು, ಸಂಜೆ ಒಂದು ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ಹಾಕಿ ಹೊಡೆಯಿರಿ. ತುಂಬಾ ಹತ್ತಿದ ಗೆಲ್ಲನ್ನು ಕಡಿದು ಸುಟ್ಟುಬಿಡಿ. ಹೊಸ ದಾಸವಾಳ ಬೇಕಿದ್ದರೆ ಪೆನ್ಸಿಲ್ ದಪ್ಪದ ಗೆಲ್ಲು ನೋಡಿಟ್ಟುಕೊಳ್ಳಿ, ಮಳೆ ಹಿಡಿದ ಮೇಲೆ ಚುಚ್ಚಿದರೆ ಸುಮ್ನೆ ಬರುತ್ತದೆ. ಕರ್ಣಕುಂಡಲದ ಬೀಜ ಈಗಲೇ ಚೆಲ್ಲಿ, ಅದು ಮಳೆಗೇ ಹುಟ್ಟಿದ ಹೂವು. ಅಬ್ಬಲಿಗೆ (ಕನಕಾಂಬರ) ಬುಡದಲ್ಲಿ ನೀರು ನಿಲ್ಲಬಾರದು. ಗೊಂಡೆಗೆ ಅವಸರ ಇಲ್ಲ, ದೀಪಾವಳಿಗೆ ಬೇಕಾದದ್ದನ್ನು ಜುಲೈ ಕೊನೆಗೆ ಹಾಕಿದರೆ ಆಯ್ತು.

ಮೊದಲ ಮಳೆಯ ರಾತ್ರಿ

ಟಾರ್ಚ್ ಹಿಡಿದು ಒಮ್ಮೆ ಹಿತ್ತಲಿಗೆ ಹೋಗಿ. ಎರಡು ಕಾರಣಕ್ಕೆ. ನೀರು ಎಲ್ಲಿ ನಿಂತಿದೆ ಅನ್ನುವುದು ಅವತ್ತು ಕಂಡಷ್ಟು ಸ್ಪಷ್ಟವಾಗಿ ಇನ್ನೆಂದೂ ಕಾಣುವುದಿಲ್ಲ, ಒಂದು ಗೂಟ ನೆಟ್ಟು ಗುರುತು ಮಾಡಿ ಬನ್ನಿ, ಬೆಳಗ್ಗೆ ಕಾಲುವೆ ಬಿಡಿಸಿ. ಇನ್ನೊಂದು, ಬೇಸಿಗೆಯಿಡೀ ಅಡಗಿದ್ದ ಬಸವನಹುಳಗಳು ಅವತ್ತೇ ಹೊರಗೆ ಬರುತ್ತವೆ. ಮುಂಚೆ ಹಾಕಿದ್ದ ದರಕಿನ ಕೆಳಗೇ ಜಾಸ್ತಿ ಇರುತ್ತವೆ, ಅದಕ್ಕೇ ಮಳೆ ಹಿಡಿದ ಮೇಲೆ ಎಳೆ ಸಸಿಯ ಹತ್ತಿರದ ದರಕು ಎಳೆದು ದೂರ ಹಾಕಬೇಕು. ಬೂದಿ ಹಾಕಿದರೆ ಮಳೆಗೆ ಕರಗುತ್ತದೆ, ನಂಬಿ ಕೂರಬೇಡಿ. ಹಸಿ ಗೋಣಿ ಚೀಲದ ಕೆಳಗೆ ಪಪ್ಪಾಯಿ ಎಲೆ, ಎಲೆಕೋಸಿನ ಸಿಪ್ಪೆ ಇಟ್ಟರೆ ಅಲ್ಲಿ ಬಂದು ಸೇರುತ್ತವೆ. ಬೆಳಗ್ಗೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹೆಕ್ಕಿ, ಉಪ್ಪು ನೀರಿನ ಬಾಲ್ದಿಗೆ ಹಾಕಿ. ಆ ನೀರನ್ನು ಹಿತ್ತಲಲ್ಲಿ ಚೆಲ್ಲಬೇಡಿ. ಒಂದು ವಾರ ತಪ್ಪದೆ ಮಾಡಿ. ಆ ಒಂದು ವಾರದಲ್ಲಿ ಅವು ಮೊಟ್ಟೆ ಇಟ್ಟುಬಿಟ್ಟರೆ ಜುಲೈನಲ್ಲಿ ಬೆಂಡೆ ಸಸಿ ಒಂದೂ ಉಳಿಯುವುದಿಲ್ಲ.